ಪೆಟ್ಟಿಗೆ ದಾಟಿ ಬಂದ ದನಿ

ಫೆಬ್ರವರಿ 3, ಶನಿವಾರ

ಹಾಡಿನ ದನಿಗೆ ಗುಂಗು ಕೂರಿಸುವ ನನ್ನ ಹಳೆಯ ಸ್ಪ್ರಿಂಗ್ ಪೆಟ್ಟಿಗೆ ಕೊನೆಗೂ ರಿಪೇರಿಯಾಗಿ ಬಂತು. ಸೇತುವೆಯಾಚೆ ಹೋಟನ್ ಪಟ್ಟಣದಲ್ಲಿ ರೇಡಿಯೋ ಅಂಗಡಿ ಇಟ್ಟಿರುವ ಡೆನ್ನಿ ಟ್ರೆಂಬತ್ ಅದನ್ನು ಕಂಬಳಿಯಲ್ಲಿ ಸುತ್ತಿ, ಎಳೆ ಮಗುವನ್ನು ಹೊತ್ತ ಹಾಗೆ ಹೊತ್ತು ನೆಲಮಾಳಿಗೆಗೆ ಇಳಿಸಿದ. “ಹುಷಾರು ಮಾರಾಯ, ಇದಕ್ಕೆ ನಿನಗಿಂತ ವಯಸ್ಸಾಗಿದೆ. ಬುದ್ಧೀನೂ ಜಾಸ್ತಿ” ಎಂದ. ಇನ್ನೆರಡು ಪೆಟ್ಟಿಗೆಗಳು ಅವನ ಅಂಗಡಿಯಲ್ಲಿ ಬಿಚ್ಚಿಕೊಂಡು ಬಿದ್ದಿವೆ. ವಾರಕ್ಕೊಂದು ಕೊಡುತ್ತಾನಂತೆ.

ಮಧ್ಯಾಹ್ನ ಅಕ್ಕ ಮಾರ್ಲಿಸ್ ಬಂದು ಅಮ್ಮನ ಹಾಡುಗಳಲ್ಲಿ ಮೊದಲನೆಯದನ್ನು ಹಾಡಿದಳು. ಅಮ್ಮ ನಮಗೆ ಬಿಟ್ಟುಹೋದ ಫಿನ್ನಿಶ್ ಹಾಡುಗಳು ಎಂಟು. ಜುಲೈಯಲ್ಲಿ ನಮ್ಮ ಕೋಸ್ಕಿ ಮನೆತನದವರೆಲ್ಲ ಸೇರುವ ಹೊತ್ತಿಗೆ ಎಂಟೂ ಸಿದ್ಧವಾಗಬೇಕು. ಹಾಡುವುದು ಅವಳು, ಗಿಟಾರ್ ನನ್ನದು, ಉಳಿದ ವಿದ್ಯೆಯೂ ನನ್ನದು. ಮೈಕಿನಿಂದ ನೇರ ಕಂಪ್ಯೂಟರಿಗೆ ಹೋಗಿ ಕೂತ ದನಿ ಉಪ್ಪಿಲ್ಲದ ಆಲೂಗಡ್ಡೆ. ಅದನ್ನು ಕೇಬಲ್ಲಿನಲ್ಲಿ ಹೊರಗೆ ಕಳಿಸಿ, ಪೆಟ್ಟಿಗೆಯೊಳಗಿನ ಸ್ಪ್ರಿಂಗುಗಳ ಮೇಲೆ ಹಾಯಿಸಿ, ಇನ್ನೊಂದು ಕೇಬಲ್ಲಿನಲ್ಲಿ ವಾಪಸ್ಸು ತಂದು ಹೊಸ ಟ್ರ್ಯಾಕ್ ಆಗಿ ಹಿಡಿದರೆ ಚರ್ಚಿನ ಗೋಡೆಗಳೇ ಎದ್ದು ನಿಲ್ಲುತ್ತವೆ. ಆಮೇಲೆ ಪೆಟ್ಟಿಗೆ ದಾಟದ ಆ ಹಸಿ ಟ್ರ್ಯಾಕಿನ ಬಾಯಿ ಮುಚ್ಚಿಸಿಬಿಡುವುದು. ಕಂಪ್ಯೂಟರಿನೊಳಗೇ ಇದನ್ನೆಲ್ಲ ಮುಗಿಸುವವರೂ ಇದ್ದಾರೆ. ಇನ್‌ಸ್ಟಂಟ್ ಕಾಫಿ ಕುಡಿಯುವವರೂ ಇದ್ದಾರೆ.

“ನನ್ನ ದನೀನ ವಾಷಿಂಗ್ ಮಷೀನಿಗೆ ಹಾಕಿ ಹಿಂಡ್ತೀಯಲ್ಲೋ ರಸ್, ಕುಗ್ಗಿ ಹೋಗಲ್ವಾ?” ಎಂದಳು ಮಾರ್ಲಿಸ್.

ಫೆಬ್ರವರಿ 10, ಶನಿವಾರ

ಹೋದ ವಾರದ ಹಾಡನ್ನು, ಪೆಟ್ಟಿಗೆ ದಾಟಿಸಿದ್ದನ್ನು, ಮಾರ್ಲಿಸ್‌ಗೆ ಕೇಳಿಸಿದೆ. ದನಿ ಏನು ಚಂದ ಬಂದಿದೆ! ಆದರೆ ತಾಳದಲ್ಲಿ ಕೂದಲೆಳೆಯಷ್ಟು ಹಿಂದೆ. ಗಿಟಾರ್ ಹೆಜ್ಜೆ ಇಟ್ಟ ಮೇಲೆ ಅವಳು ಇಡುತ್ತಾಳೆ.

“ಹಿಂದೆ ಬೀಳ್ತಿದೀಯ” ಎಂದೆ.

“ನಂಗೆ ಸರಿಯಾಗೇ ಇದೆ ಅನ್ನಿಸಿತ್ತಲ್ಲೋ.”

“ಅನ್ನಿಸೋದು ಬೇರೆ, ಇರೋದು ಬೇರೆ.”

ಅವಳು ನಕ್ಕು ಮತ್ತೆ ಹಾಡಿದಳು. ಹಾಡುವಾಗ ನಾನು ದನಿಯ ಮಟ್ಟ ತೋರಿಸುವ ಮೀಟರಿನ ಸೂಜಿಗಳನ್ನೇ ನೋಡುತ್ತಿದ್ದೆ, ಒಂದು ಸಲವೂ ಕೆಂಪಿಗೆ ಹೋಗಲಿಲ್ಲ. ಆಮೇಲೆ ಇಬ್ಬರೂ ಸೌನಾದ ಬಿಸಿ ಆವಿಯಲ್ಲಿ ಕೂತು ಬೆವರು ಹರಿಸಿ, ಅವಳು ತಂದಿದ್ದ ಏಲಕ್ಕಿ ಬ್ರೆಡ್ಡು ತಿಂದೆವು. ಡೆನ್ನಿ ಎರಡನೆಯ ಪೆಟ್ಟಿಗೆ ಕೊಟ್ಟಿದ್ದಾನೆ. ಇದು ದನಿಯ ಏರಿಳಿತವನ್ನು ಅದುಮಿ ಸಮ ಮಾಡುವಂಥದ್ದು. ಎಲ್ಲವನ್ನೂ ಒಟ್ಟಿಗೆ ಪೋಣಿಸುವ ಅವಸರದವನಲ್ಲ ನಾನು. ಒಂದು ಪೆಟ್ಟಿಗೆ ದಾಟಿಸಿ, ಹಿಡಿದು, ಕೇಳಿ, ಆಮೇಲೆ ಅದನ್ನೇ ಮತ್ತೆ ಹೊರಗೆ ಕಳಿಸಿ ಎರಡನೆಯದನ್ನು ದಾಟಿಸುವುದು. ಅದೇ ಸರಿಯಾದ ಕ್ರಮ.

ಫೆಬ್ರವರಿ 17, ಶನಿವಾರ

ಇನ್ನೂ ಹಿಂದೆ ಬಿದ್ದಿದ್ದಾಳೆ. ಹೋದ ವಾರಕ್ಕಿಂತ ಜಾಸ್ತಿ. ಕೇಬಲ್ ಕೊಡಲು ಬಂದಿದ್ದ ಡೆನ್ನಿಯೂ ಇದ್ದ. ಅವನೆದುರಿಗೆ ನನ್ನ ನಾಲಿಗೆ ಉದ್ದವಾಯಿತು. “ಮನೇಲಿ ಕಂಠ ಅವಳದು, ಕಿವಿ ನಂದು ಅಂತ ಅಮ್ಮನೇ ಹೇಳ್ತಿದ್ದಳು. ಈ ಕಿವಿ ಸುಳ್ಳು ಹೇಳಲ್ಲ” ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. “ಯಾಕೇ, ಅಮ್ಮನ ಥರ ಆಗ್ತಿದೀಯಾ?” ಎಂದೂ ಅಂದುಬಿಟ್ಟೆ.

ಅಮ್ಮನಿಗೆ ಪಾರ್ಕಿನ್ಸನ್ ಆಗಿತ್ತು. ಕೈ ನಡುಗುವ ಎರಡು ವರ್ಷ ಮೊದಲೇ ಚರ್ಚಿನ ಹಾಡಿನಲ್ಲಿ ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದಳು. ತಾನು ಸರಿಯಾಗೇ ಹಾಡುತ್ತಿದ್ದೇನೆ ಎಂದು ನಮ್ಮ ಜೊತೆ ಜಗಳವಾಡುತ್ತಿದ್ದಳು.

ತಮಾಷೆಗೆ ಅಂದದ್ದು. ಮಾರ್ಲಿಸ್ ಕೂಡ ನಕ್ಕಳು ಅಂತ ಕಾಣುತ್ತದೆ. ಮತ್ತೆ ಹಾಡಿದಳು. ಬ್ರೆಡ್ಡು ಮಾತ್ರ ಮುಟ್ಟಲಿಲ್ಲ.

ಫೆಬ್ರವರಿ 21, ಬುಧವಾರ

ಹದಿನಾಲ್ಕು ಅಂಗುಲ ಹಿಮ. ಕೌಂಟಿ ಸರ್ಕಾರದ ಹಿಮ ತಳ್ಳುವ ಲಾರಿ ಮೂವತ್ತು ವರ್ಷ ಓಡಿಸಿದವನು ನಾನು. ಈಗಿನ ಹುಡುಗರು ನನ್ನ ಮನೆ ಬಾಗಿಲಿಗೇ ಗುಡ್ಡೆ ಹಾಕಿ ಹೋಗಿದ್ದಾರೆ. ಮೂರನೆಯ ಪೆಟ್ಟಿಗೆ ಬಂತು, ಟೇಪಿನ ಮೇಲೆ ಪ್ರತಿಧ್ವನಿ ಕೂರಿಸುವುದು. ಸ್ವರ್ಗ.

ಫೆಬ್ರವರಿ 24, ಶನಿವಾರ

ಇವತ್ತಿನದು ನನಗೇ ಕೇಳಲಾಗಲಿಲ್ಲ. ಗಿಟಾರ್ ಮುಂದೆ ಮುಂದೆ, ಅವಳು ಹಿಂದೆ ಹಿಂದೆ, ಬಸ್ಸು ಬಿಟ್ಟ ಮೇಲೆ ಓಡಿ ಬರುವವರ ಹಾಗೆ. ಮಾರ್ಲಿಸ್ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಕೇಳಿದಳು. ಬೆರಳು ಗಿಟಾರಿನ ಜೊತೆಗೇ ಸರಿಯಾಗಿ ಬೀಳುತ್ತಿತ್ತು. ದನಿ ಬೀಳುತ್ತಿರಲಿಲ್ಲ.

“ಇನ್ನೊಂದ್ಸಲ ಹಾಕು” ಎಂದಳು. ಹಾಕಿದೆ. “ಇನ್ನೊಂದ್ಸಲ.” ಹಾಕಿದೆ.

“ಇದು ನಾನೇನಾ ರಸ್?”

“ಮತ್ಯಾರೇ?”

ಕೋಟು ಹಾಕಿಕೊಂಡಳು. ಸೌನಾ ಬಿಸಿಯಾಗಿದೆ ಅಂದರೂ ನಿಲ್ಲಲಿಲ್ಲ.

ಮಾರ್ಚ್ 2, ಶನಿವಾರ

ಮಾರ್ಲಿಸ್ ಬರಲಿಲ್ಲ. ನಾನೇ ಅವಳ ಮನೆಗೆ ಹೋದೆ. ಅಡುಗೆಮನೆಯಲ್ಲಿ ಕೂತಿದ್ದಳು, ಮುಂದೆ ಚರ್ಚಿನ ಹಾಡಿನ ಪುಸ್ತಕ ಮುಚ್ಚಿಟ್ಟಿತ್ತು. ಈಸ್ಟರ್ ದಿನ ಮೊದಲ ಹಾಡು ಅವಳದೇ, ಇಪ್ಪತ್ತಾರು ವರ್ಷದಿಂದ. ಈ ಸಲ ಬೇರೆಯವರಿಗೆ ಕೊಡಿ ಎಂದು ಪಾದ್ರಿಗೆ ಹೇಳಿಬಿಟ್ಟಿದ್ದಾಳೆ.

“ಯಾಕೆ?” ಎಂದೆ, ಗೊತ್ತಿಲ್ಲದವನ ಹಾಗೆ.

“ವಾರ ವಾರ ಹೆಚ್ಚಾಗ್ತಿದೆ, ನೀನೇ ಕೇಳಿಸಿದೆಯಲ್ಲ. ಮೊನ್ನೆ ಕೈಯಿಂದ ಕಪ್ಪು ಜಾರಿತು. ಮೊದಲಾದ್ರೆ ಕಪ್ಪು ಜಾರಿತು ಅಷ್ಟೆ ಅಂದ್ಕೋತಿದ್ದೆ, ಈಗ ಕೈಯೇ ಸರಿಯಿಲ್ಲ ಅನ್ಸುತ್ತೆ.” ಅವಳು ಕೈಯನ್ನು ಮೇಜಿನ ಮೇಲೆ ಚಾಚಿ ನೋಡಿಕೊಂಡಳು. “ಗ್ರೀನ್ ಬೇ ಆಸ್ಪತ್ರೇಲಿ ನರದ ಡಾಕ್ಟರ ಹತ್ರ ಇಪ್ಪತ್ತನೇ ತಾರೀಕಿಗೆ ಹೇಳಿದಾರೆ. ಶಾಲೆ ಬಸ್ಸಿನ ಕೀನೂ ಕೊಟ್ಟುಬಿಡ್ತೀನಿ ಅನ್ಸುತ್ತೆ.”

“ಬಸ್ಸು ಯಾಕೇ?”

“ಬ್ರೇಕು ಒತ್ತಿದೀನಿ ಅಂತ ನಂಗನ್ನಿಸಿ, ಕಾಲು ಆಮೇಲೆ ಹೋದ್ರೆ? ಹಿಂದೆ ಇಪ್ಪತ್ತೆರಡು ಮಕ್ಕಳು ಕೂತಿರ್ತಾರೆ ರಸ್.”

ಶಾಲೆ ಬಸ್ಸು ಬಿಟ್ಟರೆ ಅವಳಿಗೆ ಬೆಳಿಗ್ಗೆ ಏಳುವ ಕಾರಣವೇ ಇಲ್ಲ. ಭಾವ ಸತ್ತ ಮೇಲೆ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದು ಆ ಬಸ್ಸು, ಆ ಹಾಡು. ಏನು ಹೇಳಬೇಕೋ ತಿಳಿಯದೆ ಹೀಟರ್ ಸರಿಯಾಗಿದೆಯಾ ಎಂದು ಕೇಳಿ ಬಂದೆ.

ಮಾರ್ಚ್ 5, ಮಂಗಳವಾರ

ಇದನ್ನು ಬರೆಯಲೇಬೇಕು. ಬರೆಯದಿದ್ದರೆ ನಾಳೆ ನಾನೇ ಬೇರೆ ಕಥೆ ಕಟ್ಟಿಕೊಳ್ಳುತ್ತೇನೆ.

ಡೆನ್ನಿ ಬಂದಿದ್ದ. ಮೂರು ಪೆಟ್ಟಿಗೆ, ಕೇಬಲ್ಲುಗಳ ಗೋಜಲು ಎಲ್ಲ ನೋಡಿ, ಕಾಫಿ ಕುಡಿಯುತ್ತಾ ಕೇಳಿದ: “ಚಪ್ಪಾಳೆ ಹೊಡೆದು ನೋಡಿದೀಯ ತಾನೆ?”

“ಏನ್ ಚಪ್ಪಾಳೆ?”

“ಅಯ್ಯೋ ನಿನ್ನ! ಹೊರಗೆ ಹೋಗಿ ಬಂದ ದನಿ ತಡವಾಗಿ ಬರಲ್ವೇನಯ್ಯಾ? ಕಂಪ್ಯೂಟರು ಅದನ್ನ ಕಳಿಸೋಕೆ ಒಂದಿಷ್ಟು ಹೊತ್ತು, ಮತ್ತೆ ಒಳಗೆ ತಗೊಳ್ಳೋಕೆ ಒಂದಿಷ್ಟು. ಮೊದಲು ಒಂದು ಚಪ್ಪಾಳೆ ಹಿಡ್ಕೋಬೇಕು, ದಾಟಿಸ್ಬೇಕು, ಎಷ್ಟು ಹಿಂದೆ ಬಂತು ನೋಡಿ ಅಷ್ಟು ಮುಂದಕ್ಕೆ ಎಳೀಬೇಕು. ನಿನ್ನ ಕಂಪ್ಯೂಟರಂತೂ ಅಜ್ಜನ ಕಾಲದ್ದು.”

ಗೊತ್ತಿತ್ತೆಂದು ತಲೆಯಾಡಿಸಿದೆ. ಅವನು ಹೋದ ಮೇಲೆ ಮೈಕಿನ ಮುಂದೆ ನಿಂತು ಒಂದು ಚಪ್ಪಾಳೆ ಹೊಡೆದೆ. ಒಂದು ಪೆಟ್ಟಿಗೆ ದಾಟಿಸಿ ಹಿಡಿದೆ. ಪರದೆಯ ಮೇಲೆ ಎರಡು ಮೊನೆಗಳು, ನಡುವೆ ಖಾಲಿ. ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗ. ಎರಡು ಪೆಟ್ಟಿಗೆಗೆ ಅದರ ಎರಡರಷ್ಟು. ಮೂರಕ್ಕೆ ಮೂರರಷ್ಟು, ತಟ್-ತಟ್ ಎಂದು ಎರಡು ಚಪ್ಪಾಳೆಯಾಗಿಯೇ ಕೇಳುತ್ತದೆ.

ಮೊದಲ ವಾರ ಒಂದು ಪೆಟ್ಟಿಗೆ. ಎರಡನೇ ವಾರ ಎರಡು. ಮೂರನೇ ವಾರ ಮೂರು. ವಾರ ವಾರ ಹೆಚ್ಚಾದದ್ದು ಅವಳ ಕಾಯಿಲೆಯಲ್ಲ, ನನ್ನ ಪೆಟ್ಟಿಗೆ. ಗಿಟಾರನ್ನು ನಾನು ಯಾವ ಪೆಟ್ಟಿಗೆಯನ್ನೂ ದಾಟಿಸಿರಲಿಲ್ಲ, ಅದಕ್ಕೇ ಅದು ಸರಿಯಾಗಿತ್ತು.

ಈ ಕಿವಿ ಸುಳ್ಳು ಹೇಳಲ್ಲ ಅಂದಿದ್ದೆ. ಥೂ ನನ್ನ ಜನ್ಮಕ್ಕೆ.

ನಾಳೆ ಬೆಳಿಗ್ಗೆಯೇ ಹೇಳುತ್ತೇನೆ.

ಮಾರ್ಚ್ 6, ಬುಧವಾರ

ಅವಳಿಗೆ ಬಸ್ಸಿನ ಹೊತ್ತು. ಫೋನ್ ಮಾಡಲಿಲ್ಲ.

ಮಾರ್ಚ್ 7, ಗುರುವಾರ

ಫೋನ್ ಮಾಡಿದೆ. ಹಿಮದ ಬಗ್ಗೆ ಮಾತಾಡಿದೆವು.

ಮಾರ್ಚ್ 9, ಶನಿವಾರ

ಹೇಗೂ ಡಾಕ್ಟರು ಒಂದು ಸಲ ನೋಡುವುದು ಒಳ್ಳೆಯದೇ. ಅರವತ್ತನಾಲ್ಕು ವಯಸ್ಸು, ಅಮ್ಮನಿಗೆ ಇದ್ದ ಕಾಯಿಲೆ, ತಪಾಸಣೆ ಮಾಡಿಸಿಕೊಂಡರೆ ನಷ್ಟವೇನು? ಅವರೇ ಏನೂ ಇಲ್ಲ ಅಂದರೆ ನಾನು ಬಾಯಿ ಬಿಡುವ ಅಗತ್ಯವೇ ಬರುವುದಿಲ್ಲ. ಟ್ರ್ಯಾಕುಗಳನ್ನು ಮುಂದಕ್ಕೆ ಎಳೆದು ಕೂರಿಸಿ, ಚೆನ್ನಾಗಿ ಹಾಡಿದ್ದೀಯ ನೋಡು ಎಂದುಬಿಟ್ಟರೆ ಆಯಿತು.

ಹೀಗೆ ಬರೆದು, ಮೇಲಿನದನ್ನು ಓದಿದೆ. ಯಾರೋ ಹೇಡಿ ಬರೆದ ಹಾಗಿದೆ.

ಬಾಯಿ ಮುಚ್ಚಿಸಿದ್ದ ಹಸಿ ಟ್ರ್ಯಾಕನ್ನು ಇವತ್ತು ಮೊದಲ ಸಲ ಪೂರ್ತಿ ಕೇಳಿದೆ. ಪೆಟ್ಟಿಗೆಯಿಲ್ಲ, ಗೋಡೆಯಿಲ್ಲ. ಉಸಿರು ತೆಗೆದುಕೊಳ್ಳುವುದು ಕೇಳುತ್ತದೆ. ಎಲ್ಲೂ ಹಿಂದೆ ಬಿದ್ದಿಲ್ಲ. ಎರಡು ಕಡೆ ನನ್ನ ಗಿಟಾರೇ ತಡವರಿಸಿದೆ. ಅಲ್ಲಿ ಅವಳು ಪದವನ್ನು ಒಂಚೂರು ಎಳೆದು, ತಮ್ಮ ಬರಲಿ ಎಂದು ಕಾದು, ಆಮೇಲೆ ಮುಂದೆ ಹೋಗಿದ್ದಾಳೆ. ಇದು ಫೆಬ್ರವರಿಯಿಂದಲೂ ಕಂಪ್ಯೂಟರಿನಲ್ಲಿ ಕೂತಿತ್ತು, ನಾನೇ ಕೇಳಿರಲಿಲ್ಲ.

ಮಾರ್ಚ್ 13, ಬುಧವಾರ

ಹೇಳಲಿಲ್ಲ.

ಮಾರ್ಚ್ 16, ಶನಿವಾರ

ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಕಟ್ಟಿಸಿಕೊಂಡು ಅವಳ ಮನೆಗೆ ಹೋದೆ. ಬಾಗಿಲಲ್ಲೇ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಅವಳು ಬಾಗಿಲು ತೆಗೆದು, “ನೀನೊಬ್ಬ ಇದೀಯಲ್ಲ ರಸ್, ಸಾಕು” ಎಂದು ತಬ್ಬಿಕೊಂಡಳು. ಬಾಯಿಪಾಠ ಮಾಡಿದ್ದನ್ನು ಬಿಟ್ಟು ಪೊಟ್ಟಣ ಚಾಚಿದೆ. ಪ್ಯಾಸ್ಟಿ ತಿಂದೆವು. ಗ್ರೀನ್ ಬೇಗೆ ನಾನೇ ಕಾರು ಓಡಿಸುತ್ತೇನೆ ಎಂದು ಮಾತು ಕೊಟ್ಟೆ. ನಿಜ ಹೇಳುವುದಕ್ಕಿಂತ ಉಪಕಾರ ಮಾಡುವುದು ಹೇಡಿಗೆ ಸುಲಭ.

ಮಾರ್ಚ್ 20, ಬುಧವಾರ

ಹೋಗುತ್ತಾ ನಾಲ್ಕು ಗಂಟೆ. ಕಾರಿನಲ್ಲಿ ನಾಲ್ಕು ಗಂಟೆ ಇತ್ತು ನನಗೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮರ್ಯಾದಸ್ಥೆ. ಮಾರ್ಲಿಸ್‌ಳ ನಡಿಗೆ ನೋಡಿದಳು, ಬೆರಳು ತಟ್ಟಿಸಿದಳು, ಬರೆಸಿದಳು. ಎಲ್ಲ ಸರಿಯಾಗಿದೆ ಎಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು ಅಂದುಕೊಂಡೆ.

“ಆದ್ರೆ ಹಾಡು ಹಿಂದೆ ಬೀಳ್ತಿದೆ ಡಾಕ್ಟ್ರೇ. ಅಮ್ಮನಿಗೂ ಹಾಗೇ ಶುರುವಾಗಿದ್ದು” ಎಂದಳು ಮಾರ್ಲಿಸ್. “ನಂಗೆ ಗೊತ್ತೇ ಆಗಲ್ಲ. ಇವನಿಗೆ ಗೊತ್ತಾಗುತ್ತೆ. ನಮ್ಮ ಮನೇಲಿ ಕಿವಿ ಇವನದು.”

ಡಾಕ್ಟರು ನನ್ನ ಕಡೆ ತಿರುಗಿದಳು. “ನೀವೇ ಗಮನಿಸಿದ್ದಾ? ಹೆಚ್ಚಾಗ್ತಾ ಬಂದಿದೆಯಾ?”

ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅದು ಬಾಯಿ ತೆರೆಯುವ ಹೊತ್ತು. ಯಾವ ಮೂರ್ಖನಿಗೂ ಗೊತ್ತಾಗುವಂಥ ಹೊತ್ತು.

“ಮೂರು ವಾರ, ಹೆಚ್ಚಾಗ್ತಾ ಬಂತು” ಎಂದೆ.

ಸುಳ್ಳಲ್ಲ ನೋಡಿ, ಒಂದಕ್ಷರವೂ ಸುಳ್ಳಲ್ಲ. ಡಾಕ್ಟರು ಅದನ್ನು ಬರೆದುಕೊಂಡಳು. ಆರಂಭದಲ್ಲಿ ಏನೂ ಖಚಿತವಾಗಿ ಹೇಳಲಾಗದು, ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದಳು.

ವಾಪಸ್ಸು ಬರುವಾಗ ಮಾರ್ಲಿಸ್ ಕಿಟಕಿಯ ಹೊರಗೆ ನೋಡುತ್ತಿದ್ದಳು. “ಸೋಮವಾರ ಕೀ ಕೊಟ್ಟುಬಿಡ್ತೀನಿ” ಎಂದಳು. ನನಗೆ ಸ್ಟೀರಿಂಗ್ ಬಿಟ್ಟು ಇಳಿದು ಹಿಮದಲ್ಲಿ ಹೂತುಕೊಳ್ಳಬೇಕು ಅನ್ನಿಸಿತು. ಇಳಿಯಲಿಲ್ಲ. ಪೆಟ್ರೋಲ್ ಹಾಕಿಸಿದೆ.

ಮಾರ್ಚ್ 23, ಶನಿವಾರ

ಬೆಳಿಗ್ಗೆ ಫೋನ್ ಮಾಡಿ ಬಾ ಎಂದೆ. ಹಾಡೋಕಾದ್ರೆ ಬರಲ್ಲ ಎಂದಳು. ಹಾಡೋಕಲ್ಲ ಎಂದೆ.

ನೆಲಮಾಳಿಗೆಯಲ್ಲಿ ಅವಳನ್ನು ಮೈಕಿನ ಮುಂದೆ ನಿಲ್ಲಿಸಿ, “ಒಂದೇ ಒಂದು ಚಪ್ಪಾಳೆ ಹೊಡಿ” ಎಂದೆ.

“ಏನಿದು ಹುಡುಗಾಟ?”

“ಹೊಡೀ ಮಾರ್ಲಿಸ್.”

ಹೊಡೆದಳು. ಅದನ್ನು ಅವಳ ಕಣ್ಣೆದುರಿಗೇ ಮೂರೂ ಪೆಟ್ಟಿಗೆ ದಾಟಿಸಿದೆ, ಒಂದೊಂದಾಗಿ, ಯಾವಾಗಲೂ ಮಾಡಿದ ಹಾಗೆ. ಆಮೇಲೆ ಹಸಿಯದನ್ನೂ ದಾಟಿ ಬಂದದ್ದನ್ನೂ ಒಟ್ಟಿಗೆ ಹಾಕಿದೆ. ತಟ್-ತಟ್.

“ಎರಡು ಕೇಳ್ತು” ಎಂದಳು.

“ಮೊದಲನೇದು ನಿಂದು. ಎರಡನೇದು ನಂದು.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ವಿವರಿಸಿದೆ: ಒಂದು ಪೆಟ್ಟಿಗೆ, ಎರಡು ಪೆಟ್ಟಿಗೆ, ಮೂರು ಪೆಟ್ಟಿಗೆ. ವಿವರಿಸುತ್ತಾ ನನ್ನ ಕಣ್ಣು ಅವಳ ಬೂಟಿನ ಮೇಲಿತ್ತು. ಬೂಟಿನಿಂದ ಹಿಮ ಕರಗಿ ಸಿಮೆಂಟಿನ ಮೇಲೆ ಹರಿಯುತ್ತಿತ್ತು. “ಹಾಡು ಹಿಂದೆ ಬಿದ್ದಿರಲಿಲ್ಲ. ಯಾವತ್ತೂ ಬಿದ್ದಿರಲಿಲ್ಲ” ಎಂದೆ.

ಮಾರ್ಲಿಸ್ ಕುರ್ಚಿಯಲ್ಲಿ ಕೂತಳು. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಕೈ ತೆಗೆದಾಗ ಮುಖದಲ್ಲಿ ಹಗುರವೇ ಇತ್ತು. ಆಮೇಲೆ ಅದು ಬದಲಾಯಿತು.

“ಯಾವತ್ತು ಗೊತ್ತಾಯ್ತು ರಸ್ಸೆಲ್?”

ಪೂರ್ತಿ ಹೆಸರು. ಚಿಕ್ಕಂದಿನಿಂದ ಅದು ಅವಳ ಬಾಯಲ್ಲಿ ಬಂದರೆ ನಾನು ಓಡುತ್ತಿದ್ದೆ.

“ಐದನೇ ತಾರೀಕು.”

“ಹದಿನೆಂಟು ದಿನ.” ಅವಳು ಬೆರಳೆಣಿಸಲಿಲ್ಲ, ಥಟ್ಟನೆ ಹೇಳಿದಳು. “ಗ್ರೀನ್ ಬೇಗೆ ಹೋದಾಗ ಗೊತ್ತಿತ್ತು.”

“ಗೊತ್ತಿತ್ತು.”

“ಆ ಡಾಕ್ಟ್ರು ನಿನ್ನೇ ಕೇಳಿದಳು.”

“ಹೌದು.”

“ತಪ್ಪು ಯಾರು ಬೇಕಾದ್ರೂ ಮಾಡ್ತಾರೆ ಕಣೋ. ವೈರು ತಪ್ಪಾಗುತ್ತೆ, ಪೆಟ್ಟಿಗೆ ತಪ್ಪಾಗುತ್ತೆ. ನಾನು ದಿನಾ ಬೆಳಿಗ್ಗೆ ಎದ್ದು ಕೈ ಚಾಚಿ ನೋಡ್ಕೋತಿದ್ದೆ ರಸ್ಸೆಲ್. ಹದಿನೆಂಟು ಬೆಳಿಗ್ಗೆ. ನಿಂಗೆ ನಿಜ ಹೇಳೋಕೆ ನಾಚಿಕೆ ಆಗುತ್ತೆ ಅಂತ ಇಲ್ಲಿ ನಾನು ಕೈ ನೋಡ್ಕೋತಿದ್ದೆ.”

 ಹೇಳಲು ಇದ್ದದ್ದು ತಪ್ಪಾಯಿತು ಅನ್ನುವ ಒಂದೇ ಮಾತು, ಅದನ್ನೂ ಸಣ್ಣ ದನಿಯಲ್ಲಿ ಹೇಳಿದೆನೇನೋ, ಅವಳಿಗೆ ಕೇಳಿಸಿತೋ ಇಲ್ಲವೋ. ಅವಳು ಕಾಫಿ ಕಪ್ಪನ್ನು ಮೇಲೆ ತೆಗೆದುಕೊಂಡು ಹೋಗಿ ತೊಳೆದಿಟ್ಟು, ಬಾಗಿಲನ್ನು ಮೆಲ್ಲಗೆ ಹಾಕಿಕೊಂಡು ಹೋದಳು. ಬಡಿದಿದ್ದರೆ ವಾಸಿಯಿತ್ತು. ಸೌನಾ ಬಿಸಿಯಾಗಿತ್ತು, ಯಾರೂ ಹೋಗಲಿಲ್ಲ.

ಮಾರ್ಚ್ 25, ಸೋಮವಾರ

ಏಳು ಇಪ್ಪತ್ತಕ್ಕೆ ಕಿಟಕಿಯಲ್ಲಿ ನಿಂತಿದ್ದೆ. ಬಸ್ಸು ಬಂತು. ಸ್ಟೀರಿಂಗ್ ಹಿಂದೆ ಮಾರ್ಲಿಸ್. ನನ್ನ ಮನೆ ಮುಂದೆ ಯಾವಾಗಲೂ ಎರಡು ಸಲ ಹಾರ್ನ್ ಹೊಡೆಯುತ್ತಾಳೆ. ಇವತ್ತು ಹೊಡೆಯಲಿಲ್ಲ. ಮೂಲೆಯಲ್ಲಿ ಬ್ರೇಕು ಹಾಕಿದಳು, ಬಸ್ಸು ನಿಲುಗಡೆ ಗೆರೆಯ ಮೇಲೇ ನಿಂತಿತು. ನನಗೆ ಅಷ್ಟೇ ಸಾಕಾಯಿತು.

ಮಾರ್ಚ್ 31, ಈಸ್ಟರ್

ಮೊದಲ ಹಾಡು ಅವಳೇ ಹಾಡಿದಳು. ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಪಕ್ಕದ ಮುದುಕಿ, “ನಿಮ್ಮಕ್ಕನ ಜೊತೆ ಮುಂದೆ ಕೂರೋದಲ್ವೇನಪ್ಪಾ?” ಎಂದಳು. ಇಲ್ಲಿಂದ ಚೆನ್ನಾಗಿ ಕೇಳುತ್ತೆ ಎಂದೆ. ನಿಜವಾಗಿಯೂ ಕೇಳುತ್ತಿತ್ತು. ಹೊರಗೆ ಬರುವಾಗ ಮಾರ್ಲಿಸ್ ನನ್ನ ಪಕ್ಕದಿಂದಲೇ ಹೋದಳು, ನೋಡಲಿಲ್ಲ.

ಏಪ್ರಿಲ್ 5, ಶುಕ್ರವಾರ

ಮಧ್ಯಾಹ್ನದ ಬಸ್ಸು ನಿಲ್ಲಿಸಿ ಬಂದಳು. ಬಾಗಿಲು ತಟ್ಟಲಿಲ್ಲ, ನೇರ ಅಡುಗೆಮನೆಗೆ ಬಂದು ಕೋಟು ತೆಗೆಯದೆ ಕೂತಳು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, “ಡಾಕ್ಟ್ರ ಆಫೀಸಿಗೆ ಮಾಡಿದೀನಿ. ನೀನು ಬರೆಸಿದ್ದನ್ನ ನೀನೇ ಅಳಿಸು” ಎಂದಳು.

ಅತ್ತ ಒಬ್ಬ ನರ್ಸಮ್ಮ. ಮಾರ್ಲಿಸ್ ತನ್ನ ಹೆಸರು, ಹುಟ್ಟಿದ ತಾರೀಕು ಹೇಳಿ, ನಮ್ಮ ತಮ್ಮ ಮಾತಾಡ್ತಾನೆ, ಬರ್ಕೊಳ್ಳಿ ಎಂದಳು.

“ಹೇಳಿ ಸರ್.”

ಹೇಳಿದೆ. ಪೆಟ್ಟಿಗೆ, ಕೇಬಲ್ಲು ಎಂದು ಶುರುಮಾಡಿದರೆ ಆಕೆಗೆ ತಲೆಬುಡ ತಿಳಿಯಲಿಲ್ಲ. “ಸರ್, ಒಂದೇ ಸಾಲಲ್ಲಿ ಹೇಳ್ತೀರಾ? ಇಲ್ಲಿ ಜಾಗ ಕಮ್ಮಿ.”

ಒಂದೇ ಸಾಲು. ಒಂದು ತಿಂಗಳಿಂದ ಆ ಒಂದು ಸಾಲಿಗೇ ನಾನು ಒದ್ದಾಡಿದ್ದು. “ಅವಳ ಹಾಡಲ್ಲಿ ದೋಷ ಇರಲಿಲ್ಲ. ದೋಷ ನನ್ನದು, ಗೊತ್ತಿದ್ದೂ ಡಾಕ್ಟ್ರ ಮುಂದೆ ಮುಚ್ಚಿಟ್ಟೆ.”

ಕೀಲಿಗಳ ಟಕಟಕ ಕೇಳಿಸಿತು. ನರ್ಸಮ್ಮ ಅದನ್ನು ಅಕ್ಷರ ಬಿಡದೆ ನಮಗೆ ಓದಿ ಹೇಳಿದಳು. ಬೇರೆಯವರ ಬಾಯಲ್ಲಿ ಕೇಳಿದಾಗ ಕಿವಿ ಬಿಸಿಯಾಯಿತು. “ಸರೀನಾ ಸರ್?” ಎಂದಳು. ಸರಿಯಮ್ಮ ಎಂದೆ.

ಮಾರ್ಲಿಸ್ ಫೋನ್ ಇಟ್ಟು, ಕೋಟು ತೆಗೆದು ಕುರ್ಚಿಗೆ ಹಾಕಿದಳು. “ಇನ್ನೂ ಸಿಟ್ಟಿದೆ” ಎಂದಳು.

“ಇರಲಿ.”

“ಇರತ್ತೆ. ಏಳು ಹಾಡು ಬಾಕಿ ಇದೆ, ಜುಲೈ ನಿಂಗೋಸ್ಕರ ಕಾಯಲ್ಲ. ನಡಿ ಕೆಳಗೆ.”

ನೆಲಮಾಳಿಗೆಯ ಮೇಜು ಖಾಲಿಯಿತ್ತು. ಕಪಾಟಿನಲ್ಲಿ ಕಂಬಳಿ ಸುತ್ತಿಟ್ಟಿದ್ದ ಮೂರೂ ಪೆಟ್ಟಿಗೆಗಳನ್ನು ಅವಳು ನೋಡಿ, ಮೈಕಿನ ಮುಂದೆ ಹೋಗಿ ನಿಂತಳು. ಗಿಟಾರ್ ಎತ್ತಿಕೊಳ್ಳಲಾ ಎಂದೆ. ಎತ್ತಿಕೋ, ತಡವರಿಸೋ ಕಡೆ ನಾನು ಕಾಯ್ತೀನಿ ಎಂದಳು. ನಾನು ಮೀಟರಿಗೆ ಬೆನ್ನು ಹಾಕಿ ಅವಳ ಮುಖ ಕಾಣುವ ಹಾಗೆ ಕೂತೆ. ಹಾಡು ಶುರುಮಾಡುವ ಮುಂಚೆ ಮಾರ್ಲಿಸ್ ನನ್ನನ್ನೇ ದಿಟ್ಟಿಸುತ್ತಾ ಎರಡೂ ಕೈ ಎತ್ತಿ ಒಂದು ಚಪ್ಪಾಳೆ ಹೊಡೆದಳು. ಇಬ್ಬರೂ ಕಾದೆವು. ಒಂದೇ ಕೇಳಿಸಿತು.